ಹುಚ್ಚಿಗೊಂದು ಆಪ್

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎಂಬ ಗಾದೆಯನ್ನು ಹಿರಿಯರು ಹವ್ಯಾಸಗಳನ್ನು ಕಂಡೇ ಕಟ್ಟಿದ್ದು ಎಂದು ನಮ್ಮ ತಾತ ನಂಬಿದ್ದರು. ಅಂಚೆಚೀಟಿ ಸೇರಿಸುವುದು, ಬೆಂಕಿಪೊಟ್ಟಣದ ಚಿತ್ರ ಕೂಡಿಡುವುದು, ಕೊಳಲು ಊದುವುದು, ಕೆರೆ ಏರಿಯ ಮೇಲೆ ಕೂತು ಹಕ್ಕಿ ನೋಡುವುದು ಇವೆಲ್ಲ ಅವರ ಪಾಲಿಗೆ ಒಂದೇ ಕಾಯಿಲೆಯ ಬೇರೆ ಬೇರೆ ಲಕ್ಷಣಗಳು. ಎಲ್ಲಕ್ಕೂ ಮದ್ದು ಒಂದೇ. ಹಿತ್ತಿಲಲ್ಲಿ ಸೌದೆ ಒಡೆಯುವುದು. ಈ ಚಿಕಿತ್ಸೆಯಿಂದ ಗುಣವಾದವರು ಯಾರೂ ಇರಲಿಲ್ಲ, ಆದರೆ ಮನೆಯಲ್ಲಿ ಸೌದೆಗೆ ಮಾತ್ರ ಎಂದೂ ಕೊರತೆಯಾಗಲಿಲ್ಲ.

ಆದರೂ ಆಗಿನ ಹವ್ಯಾಸಕ್ಕೊಂದು ಸುಖವಿತ್ತು. ಬೈಯುವವರಿದ್ದರು, ಲೆಕ್ಕ ಕೇಳುವವರಿರಲಿಲ್ಲ. ಕೊಳಲು ಊದುವ ಹುಡುಗ ನಿನ್ನೆ ಎಷ್ಟು ನಿಮಿಷ ಊದಿದ, ಹೋದ ವಾರಕ್ಕಿಂತ ಈ ವಾರ ಶೇಕಡಾ ಎಷ್ಟು ಹೆಚ್ಚು ಊದಿದ, ಅವನ ಓರಗೆಯ ಹುಡುಗರು ಎಷ್ಟು ಊದಿದರು ಎಂದು ಯಾರೂ ವರದಿ ಕಳಿಸುತ್ತಿರಲಿಲ್ಲ. ಈಗ ಕಳಿಸುತ್ತಾರೆ. ಭಾನುವಾರ ಸಂಜೆ, ಬಣ್ಣದ ಗ್ರಾಫ್ ಸಮೇತ. ಮನುಷ್ಯನಿಗೆ ಹಿಡಿಯಬಹುದಾದ ಯಾವ ಹುಚ್ಚನ್ನೇ ಹೆಸರಿಸಿ, ಅದಕ್ಕೊಂದು ಆಪ್ ಇದೆ. ಸ್ವೆಟರ್ ಹೆಣೆಯುವವರಿಗೆ ಇದೆ, ಬೆಟ್ಟ ಹತ್ತುವವರಿಗೆ ಇದೆ, ಹುಳು ನೋಡುವವರಿಗೆ ಇದೆ, ಬಚ್ಚಲುಮನೆಯಿಂದ ಹೊರಬಂದು ಹಾಡುವ ಧೈರ್ಯ ಮಾಡಿದವರಿಗೂ ಇದೆ.

ನನ್ನ ಹವ್ಯಾಸ ಮಧ್ಯಾಹ್ನದ ನಿದ್ದೆ. ಇದೊಂದಾದರೂ ತಂತ್ರಜ್ಞಾನದ ಕಣ್ಣಿಗೆ ಬೀಳದೆ ಉಳಿದೀತು ಎಂದುಕೊಂಡಿದ್ದೆ. ಉಳಿಯಲಿಲ್ಲ. ಮಗಳು ನನ್ನ ಫೋನಿಗೆ ಒಂದು ಆಪ್ ಹಾಕಿಕೊಟ್ಟಳು. ದಿಂಬಿನ ಪಕ್ಕ ಇಟ್ಟುಕೊಂಡರೆ ಅದು ಗೊರಕೆಯನ್ನು ಕೇಳಿಸಿಕೊಂಡು, ಮಗ್ಗುಲು ಬದಲಾಯಿಸಿದ್ದನ್ನು ಗಮನಿಸಿ, ಎದ್ದ ಮೇಲೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಶಾಲೆಯಲ್ಲಿ ನಿದ್ದೆ ಮಾಡಿ ಅಂಕ ಕಳೆದುಕೊಂಡವನಿಗೆ ಮುಪ್ಪಿನಲ್ಲಿ ನಿದ್ದೆಗೇ ಅಂಕ! ಮೊದಲ ದಿನ ಬಂದದ್ದು ಪಾಸಾಗುವಷ್ಟು ಅಂಕ. ಮರುದಿನ ಇನ್ನೂ ಚೆನ್ನಾಗಿ ಮಲಗಬೇಕೆಂಬ ಹಟದಲ್ಲಿ ನಿದ್ದೆಯೇ ಬರಲಿಲ್ಲ. ಪರೀಕ್ಷೆಯ ಭಯದಿಂದ ನಿದ್ದೆಗೆಟ್ಟವರನ್ನು ಕಂಡಿದ್ದೇನೆ. ನಿದ್ದೆಯದ್ದೇ ಪರೀಕ್ಷೆಗೆ ಹೆದರಿ ನಿದ್ದೆಗೆಟ್ಟವನು ನಾನೇ ಮೊದಲಿಗನಿರಬೇಕು. ಆ ಆಪ್‌ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಕ ಕೊಟ್ಟ ಮೇಷ್ಟ್ರ ಮೇಲೆ ಹಗೆ ಸಾಧಿಸಬಾರದು.

ಈ ಹವ್ಯಾಸದ ಸ್ಟಾರ್ಟಪ್ಪುಗಳ ಜಾತಕ ನೋಡುತ್ತ ಹೋದರೆ ಎರಡು ಗೋತ್ರ ಕಾಣುತ್ತವೆ. ಒಂದು, ಜನರಿಗೆ ಯಾವ ಹುಚ್ಚು ಹಿಡಿದಿದೆ ಎಂದು ಮಾರುಕಟ್ಟೆ ಸಮೀಕ್ಷೆ ಮಾಡಿಸಿ ಅಂಗಡಿ ತೆರೆದವರದು. ಇನ್ನೊಂದು, ತಮಗೇ ಹುಚ್ಚು ಹಿಡಿದು, ಬೇರೆ ದಾರಿ ಕಾಣದೆ ಕಟ್ಟಿದವರದು. ಗೌರವಕ್ಕೆ ಪಾತ್ರರು ಎರಡನೆಯವರು.

ಉದಾಹರಣೆಗೆ ರ‍್ಯಾವೆಲ್ರಿ. ಅಮೆರಿಕದಲ್ಲಿ ಒಬ್ಬಾಕೆಗೆ ಹೆಣಿಗೆಯ ಹುಚ್ಚು, ಬಾಳಸಂಗಾತಿ ಪ್ರೋಗ್ರಾಮರ್. ಯಾವ ನಮೂನೆಯನ್ನು ಯಾವ ನೂಲಿನಲ್ಲಿ ಯಾರು ಹೆಣೆದರು, ಹೆಣೆದ ಮೇಲೆ ಅದು ಮನುಷ್ಯರು ತೊಡುವಂತಿತ್ತೇ ಎಂಬುದನ್ನೆಲ್ಲ ಒಂದೇ ಕಡೆ ಹುಡುಕಲು ಅನುಕೂಲವಿಲ್ಲ ಎಂಬ ಪೇಚಾಟದಿಂದ 2007ರಲ್ಲಿ ಇಬ್ಬರೂ ಸೇರಿ ಕಟ್ಟಿದ್ದು ಅದು. ಆರಂಭದಲ್ಲಿ ಒಳಗೆ ಬರಲು ಸರದಿಯಲ್ಲಿ ಕಾಯಬೇಕಿತ್ತು. ಸೂಜಿ ಹಿಡಿದವರು ಸಾಲುಗಟ್ಟಿ ಕಾದರು. ಇವತ್ತು ಅಲ್ಲಿ ಹೆಸರು ನೋಂದಾಯಿಸಿದವರ ಸಂಖ್ಯೆ ಲಕ್ಷಗಳನ್ನು ದಾಟಿ ಕೋಟಿಯ ಆಸುಪಾಸಿನ ಮಾತು.

ನನ್ನ ಹೆಂಡತಿ ಅದನ್ನು ಸೇರಿದ ದಿನದಿಂದ ನಮ್ಮ ಮನೆಯಲ್ಲಿ ಉಲ್ಲನ್ನಿಗೂ ಒಂದು ಆಡಳಿತ ಬಂದಿದೆ. ಅಲ್ಲಿ ನಿಮ್ಮ ಬಳಿ ಇರುವ ನೂಲಿನ ದಾಸ್ತಾನನ್ನು ಬಣ್ಣ, ದಪ್ಪ, ತೂಕ, ಗಜ ಸಮೇತ ಪಟ್ಟಿ ಮಾಡಬಹುದು. ಮಂಚದ ಕೆಳಗಿನ ಟ್ರಂಕಿನಲ್ಲಿ ಏನೇನಿದೆ ಎಂದು ಮದುವೆಯಾದಂದಿನಿಂದ ನನಗೆ ತಿಳಿಯದ ಸಂಗತಿ ಈಗ ಫಿನ್ಲೆಂಡಿನ ಅಜ್ಜಿಯೊಬ್ಬರಿಗೆ ತಿಳಿದಿದೆ. ಇಷ್ಟೊಂದು ಉಲ್ಲನ್ ಇರುವಾಗ ಮತ್ತೆ ಯಾಕೆ ಕೊಂಡೆ ಎಂದು ಕೇಳಿದರೆ, "ಇದು ನೋಡ್ರೀ, ಅವರ ದಾಸ್ತಾನು" ಎಂದು ಪರದೇಶದ ಯಾರದೋ ಪಟ್ಟಿ ತೆರೆದು ತೋರಿಸುತ್ತಾಳೆ. ಅದನ್ನು ನೋಡಿದ ಮೇಲೆ ನಮ್ಮ ಟ್ರಂಕು ಸನ್ಯಾಸಿಯ ಜೋಳಿಗೆಯೇ. ಬಾಯಿ ಮುಚ್ಚಿಕೊಂಡು ಹೊರಗೆ ಬರುತ್ತೇನೆ.

ರ‍್ಯಾವೆಲ್ರಿಯಲ್ಲಿ ನನಗೆ ಬಹಳ ಹಿಡಿಸಿದ್ದು ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಅವರು ಕೊಟ್ಟಿರುವ ಸ್ಥಾನಮಾನ. ಪ್ರತಿ ಹೆಣಿಗೆಗೂ ಅಲ್ಲಿ ಒಂದು ಸ್ಥಿತಿ ನಮೂದಾಗುತ್ತದೆ. ನಡೆಯುತ್ತಿದೆ, ಮುಗಿದಿದೆ, ಬಿಚ್ಚಿಹಾಕಿದೆ. ಇವುಗಳ ನಡುವೆ ಇನ್ನೊಂದಿದೆ, ಚಳಿಗಾಲದ ಕರಡಿ ಗುಹೆಯೊಳಗೆ ಮಲಗುತ್ತದಲ್ಲ, ಆ ದೀರ್ಘನಿದ್ರೆಯ ಸ್ಥಿತಿ. ಅಂದರೆ ಒಂದು ತೋಳು ಮುಗಿಸಿ ಇನ್ನೊಂದು ತೋಳಿಗೆ ಮನಸ್ಸಾಗದೆ ಎತ್ತಿಟ್ಟ ಸ್ವೆಟರ್ ಕೈಬಿಟ್ಟದ್ದಲ್ಲ, ಸೋತದ್ದೂ ಅಲ್ಲ, ಮಲಗಿದೆ ಅಷ್ಟೇ. ಎಷ್ಟು ಕರುಣೆಯ ಮಾತು! ಹೆಣೆಯುವವರಲ್ಲದೆ ಇನ್ಯಾರಿಗೆ ಇದು ಹೊಳೆಯಬೇಕು? ಸರ್ಕಾರಿ ಕಚೇರಿಯ ಕಡತಗಳಿಗೂ, ನಾನು ಬರೆಯಲು ಶುರುಮಾಡಿದ ಕಾದಂಬರಿಗೂ, ನಮ್ಮ ರಸ್ತೆಯ ಒಳಚರಂಡಿ ಕಾಮಗಾರಿಗೂ ಇದನ್ನೇ ಅನ್ವಯಿಸಬಹುದು. ಗುಂಡಿ ತೋಡಿ ಬಿಟ್ಟು ಹೋಗಿದ್ದಾರೆಂದು ಬೈಯಬೇಡಿ. ಕಾಮಗಾರಿ ಮಲಗಿದೆ.

ಕೆಲವರಿಗಂತೂ ಹುಚ್ಚು ಒಂದು, ಫಲ ಇನ್ನೊಂದು. ಸ್ಟೂವರ್ಟ್ ಬಟರ್‌ಫೀಲ್ಡ್ ಎಂಬ ಕೆನಡಾದ ಮನುಷ್ಯನಿಗೆ ಜಗತ್ತಿನ ಜನ ಕೂಡಿ ಆಡುವ, ಮುಗಿಯದ ಒಂದು ಕಂಪ್ಯೂಟರ್ ಆಟ ಮಾಡಬೇಕೆಂಬ ಆಸೆ. ವ್ಯಾಂಕೂವರಿನಲ್ಲಿ ಕ್ಯಾಟರಿನಾ ಫೇಕ್ ಮತ್ತಿತರರ ಜೊತೆ ಕಂಪನಿ ಕಟ್ಟಿದ. ಆಟ ಮೇಲೇಳಲಿಲ್ಲ. ಅದಕ್ಕೆಂದು ಮಾಡಿದ ಸಲಕರಣೆಯಿಂದ ಫೋಟೋ ಹಂಚಿಕೊಳ್ಳುವ ಒಂದು ತಾಣ ಹುಟ್ಟಿತು. ಅದೇ 2004ರ ಫ್ಲಿಕರ್. ಜಗತ್ತಿನ ಹವ್ಯಾಸಿ ಛಾಯಾಗ್ರಾಹಕರೆಲ್ಲ ಅಲ್ಲಿ ಬಂದು ಸೂರ್ಯಾಸ್ತಗಳನ್ನು ಸುರಿದರು. ಮರುವರ್ಷ ಯಾಹೂ ಕೊಂಡುಕೊಂಡಿತು. ದುಡ್ಡು ಬಂತು, ಬುದ್ಧಿ ಬರಲಿಲ್ಲ. ಮತ್ತೆ ಆಟವನ್ನೇ ಮಾಡಲು ಹೊರಟ. ಗ್ಲಿಚ್ ಎಂಬ ಆ ಆಟ 2012ರಲ್ಲಿ ಬಾಗಿಲು ಹಾಕಿತು. ಈ ಸಲ ಅವನ ತಂಡದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಸಲಕರಣೆ ಉಳಿಯಿತು. ಅದೇ ಸ್ಲ್ಯಾಕ್. ಬೆಂಗಳೂರಿನ ಐಟಿ ಹುಡುಗರನ್ನು ರಾತ್ರಿ ಊಟದ ತಟ್ಟೆಯ ಮುಂದೆಯೂ ಟಕ್ ಟಕ್ ಎಂದು ಕರೆಯುವುದು ಅದೇ. 2021ರಲ್ಲಿ ಅದು ಸುಮಾರು 27.7 ಬಿಲಿಯನ್ ಡಾಲರಿಗೆ ಮಾರಾಟವಾಯಿತು. ಜನರನ್ನು ಆಟ ಆಡಿಸಬೇಕೆಂದು ಹೊರಟವನು ಎರಡು ಸಲ ಸೋತು, ಎರಡನೆಯ ಸಲ ಜಗತ್ತಿನ ಕಚೇರಿಗಳಿಗೆಲ್ಲ ಹೊಸ ಕೆಲಸ ಹಚ್ಚಿಬಿಟ್ಟ. ಅವನ ಆಟವನ್ನು ನಾವು ಆಡಿದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ.

ಇನ್ನು ಹುಡುಕಾಟದ ಹುಚ್ಚು. ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು. 2000ದ ಮೇ 2ರಂದು ಆ ಮಸುಕನ್ನು ತೆಗೆಯಿತು. ಇದ್ದಕ್ಕಿದ್ದಂತೆ ಸಾಮಾನ್ಯನ ಕೈಯ ಯಂತ್ರವೂ ತಾನಿರುವ ಜಾಗವನ್ನು ಕೆಲವೇ ಮೀಟರ್‌ಗಳ ಅಂತರದಲ್ಲಿ ಹೇಳತೊಡಗಿತು. ಇಂಥ ಮಹಾಶಕ್ತಿ ಕೈಗೆ ಬಂದ ಮರುದಿನವೇ ಮನುಷ್ಯ ಅದರಿಂದ ಏನು ಮಾಡಿದ? ಒರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬಾತ ಕಾಡಿನಂಚಿಗೆ ಹೋಗಿ ಒಂದು ಬಕೆಟ್ ಹೂತಿಟ್ಟು, ಅದರೊಳಗೆ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್ ಮುಂತಾದವನ್ನು ತುಂಬಿ, ಜಾಗದ ಅಕ್ಷಾಂಶ ರೇಖಾಂಶಗಳನ್ನು ಜಗತ್ತಿಗೆ ಸಾರಿದ. ಹುಡುಕಿದವರು ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಇಟ್ಟು ಹೋಗಬೇಕು. ಜನ ಹುಡುಕಿದರು! ಜಿಯೋಕ್ಯಾಶಿಂಗ್ ಎಂಬ ಹವ್ಯಾಸವೂ, ಅದರ ತಾಣವೂ, ಆಪೂ ಹುಟ್ಟಿದ್ದು ಹೀಗೆ. ಆ ಬೀನ್ಸ್ ಡಬ್ಬಿ ಆಮೇಲೆ ಸಿಕ್ಕಿ, ಈಗ ಈ ಹವ್ಯಾಸಿಗಳ ಕೂಟಗಳಿಗೆ ಉತ್ಸವಮೂರ್ತಿಯಾಗಿ ಬಿಜಯಂಗೈಯುತ್ತದೆ.

ವಿದೇಶಗಳಲ್ಲಿ ಇಂಥ ಡಬ್ಬಿಗಳನ್ನು ಬಾಂಬ್ ಎಂದುಕೊಂಡು ಪೊಲೀಸರು ಓಡಿಬಂದದ್ದುಂಟು. ನಮ್ಮೂರಲ್ಲಿ ಆ ಭಯವಿಲ್ಲ. ಅರಳಿಮರದ ಬುಡದಲ್ಲಿ ಡಬ್ಬಿ ಹೂತಿಟ್ಟು, ನಾಕು ಜನ ಅಪರಿಚಿತರು ಬಂದು ಬಗ್ಗಿ ನೋಡಿ ಹೋದರೆಂದರೆ ಐದನೆಯವನು ಅರಿಶಿನ ಕುಂಕುಮ ಹಚ್ಚುತ್ತಾನೆ. ಶುಕ್ರವಾರದ ಹೊತ್ತಿಗೆ ನಿಂಬೆಹಣ್ಣು, ತಿಂಗಳಾಗುವಷ್ಟರಲ್ಲಿ ತಗಡಿನ ಸೂರು, ಹುಂಡಿ. ಬೀನ್ಸ್ ಡಬ್ಬಿ ತೆಗೆದುಕೊಂಡು ಹೋಗಲು ಬಂದ ಹವ್ಯಾಸಿಯ ಗತಿ ಏನಾದೀತೆಂದು ನೀವೇ ಯೋಚಿಸಿ.

ಓಡುವವರ ಆಪ್‌ಗಳಲ್ಲಿ ಹೆಸರಾದದ್ದು ಸ್ಟ್ರಾವಾ. ಹಾರ್ವರ್ಡಿನಲ್ಲಿ ಒಟ್ಟಿಗೆ ದೋಣಿ ಹುಟ್ಟು ಹಾಕುತ್ತಿದ್ದ ಇಬ್ಬರು ಗೆಳೆಯರು, ಮಾರ್ಕ್ ಗೇನಿ ಮತ್ತು ಮೈಕೆಲ್ ಹಾರ್ವಾತ್, ಕಾಲೇಜು ಮುಗಿದ ಮೇಲೆ ತಂಡದ ಆ ಹುರುಪು ಸಿಗದೆ ಕೊರಗಿ, ಬಹಳ ವರ್ಷಗಳ ನಂತರ 2009ರಲ್ಲಿ ಕಟ್ಟಿದ್ದು. ಒಬ್ಬನೇ ಸೈಕಲ್ ತುಳಿದರೂ ಜೊತೆಗೆ ಊರೇ ತುಳಿಯುತ್ತಿದೆ ಅನ್ನಿಸಬೇಕು ಎಂಬುದು ಅದರ ಮರ್ಮ. ಅನ್ನಿಸಿದ್ದು ಸ್ವಲ್ಪ ಹೆಚ್ಚೇ ಆಯಿತು. ತನ್ನ ಬಳಕೆದಾರರು ಓಡಾಡಿದ ದಾರಿಗಳನ್ನೆಲ್ಲ ಬೆಳಗಿಸಿ ಕಂಪನಿ ಒಂದು ಭೂಪಟ ಹೊರತಂದಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಅದನ್ನು ನೋಡುತ್ತ ಕೂತಾಗ, ಮರಳುಗಾಡಿನ ಕಗ್ಗತ್ತಲ ನಡುವೆ ಅಚ್ಚುಕಟ್ಟಾದ ಚೌಕಾಕಾರದ ಬೆಳಕುಗಳು ಕಂಡವು. ಸೇನಾ ನೆಲೆಗಳ ಸೈನಿಕರು ಬೇಲಿಯ ಗುಂಟ ಬೆಳಗಿನ ಓಟ ಓಡಿ ಆಪ್‌ನಲ್ಲಿ ದಾಖಲಿಸಿದ್ದರು. ಶತ್ರುವಿಗೆ ತಿಳಿಯಬಾರದೆಂದು ಭೂಪಟದಿಂದಲೇ ಮರೆಮಾಚಿದ ಜಾಗವನ್ನು ಸಿಪಾಯಿಗಳು ಬೆವರು ಸುರಿಸಿ ಗೆರೆ ಎಳೆದು ತೋರಿಸಿದ್ದರು.

ಅಂಥದ್ದೇ ಒಂದು ಆಪ್ ನಮ್ಮ ಅಣ್ಣನ ಮಗನ ತೋಳಿಗೂ ಅಂಟಿಕೊಂಡಿದೆ. ಅವನು ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ಸೆಕೆಂಡು ಎಣಿಸುತ್ತ ಹತ್ತುತ್ತಾನೆ. ಅವನ ಮೇಲಿನ ಸ್ಥಾನದಲ್ಲಿರುವವನನ್ನು ಅವನು ನೋಡಿಲ್ಲ, ಬರೀ ಹೆಸರು ಗೊತ್ತು. ಆದರೂ ಜನ್ಮಾಂತರದ ದ್ವೇಷ. ಒಂದು ಬೆಳಿಗ್ಗೆ ದಾಖಲೆ ಮುರಿಯುವ ಹಾದಿಯಲ್ಲಿ ನಂದಿಯವರೆಗೆ ತಲುಪಿದ್ದಾನೆ. ಅಲ್ಲಿ ಹರಕೆ ಹೊತ್ತ ತಾಯಿಯೊಬ್ಬರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬರುತ್ತಿದ್ದವರು, "ಮಗಾ, ಒಂಚೂರು ಈ ತಟ್ಟೆ ಹಿಡ್ಕೊಳಪ್ಪಾ, ಸೆರಗು ಸರಿಮಾಡ್ಕೊಂತೀನಿ" ಎಂದು ತಟ್ಟೆಯನ್ನು ಕೈಗೆ ಕೊಟ್ಟೇಬಿಟ್ಟರು. ಇವನು ಆಪನ್ನು ನಿಲ್ಲಿಸಿದ. ಆದರೆ ಸ್ಪರ್ಧೆಯ ಗಡಿಯಾರಕ್ಕೆ ಅರಿಶಿನ ಕುಂಕುಮದ ರಿಯಾಯಿತಿ ಇಲ್ಲವಂತೆ. ಮನೆಗೆ ಬಂದವನು ಊಟ ಬಿಟ್ಟು ಕೂತ. "ತಾಯಿ ಮಹಿಷಾಸುರನನ್ನ ಎಷ್ಟು ಸೆಕೆಂಡಲ್ಲಿ ಕೊಂದಳು ಅಂತ ಯಾವ ಪುರಾಣದಲ್ಲೂ ಬರೆದಿಲ್ಲ ಕಣೋ, ಊಟ ಮಾಡು" ಎಂದೆ. "ಚಿಕ್ಕಪ್ಪಾ, ಆಗ ಆಪ್ ಇರ್ಲಿಲ್ಲ" ಎಂದ.

ಓದುವುದು, ಸಿನಿಮಾ ನೋಡುವುದು ಕೂತಲ್ಲೇ ಮಾಡುವ ಹವ್ಯಾಸಗಳು. ಇವುಗಳಿಗೆ ಸ್ಪರ್ಧೆಯ ಸೋಂಕು ತಗಲಲಾರದು ಎಂದುಕೊಂಡರೆ ಅದೂ ತಪ್ಪು. 2007ರಲ್ಲಿ ತೆರೆದುಕೊಂಡು 2013ರಲ್ಲಿ ಅಮೆಜಾನ್ ತೆಕ್ಕೆಗೆ ಹೋದ ಗುಡ್‌ರೀಡ್ಸ್ 2011ರಿಂದ ಓದುಗರಿಗೆ ವರ್ಷಕ್ಕಿಷ್ಟು ಪುಸ್ತಕವೆಂಬ ಪಣ ತೊಡಿಸುತ್ತ ಬಂದಿದೆ. ಅದಕ್ಕೆ ಸೇರಿರುವ ಗೆಳೆಯರೊಬ್ಬರು ಸಾಹಿತ್ಯದ ಅಧ್ಯಾಪಕರು. ಜನವರಿಯಲ್ಲಿ ಐನೂರು ಪುಟದ ಕಾದಂಬರಿ ಕೈಯಲ್ಲಿರುತ್ತದೆ. ಜೂನ್ ಹೊತ್ತಿಗೆ ಇನ್ನೂರು ಪುಟಕ್ಕಿಳಿಯುತ್ತದೆ. ಡಿಸೆಂಬರ್ ಬಂತೆಂದರೆ ಅವರು ಹನಿಗವನಗಳ ಕಟ್ಟಾ ಅಭಿಮಾನಿ. ಕನ್ನಡದಲ್ಲಿ ತೆಳ್ಳನೆಯ ಕವನ ಸಂಕಲನಗಳು ಇಷ್ಟೊಂದು ಬರುತ್ತಿರುವುದು ಯಾತಕ್ಕೆಂದು ವಿಮರ್ಶಕರು ತಲೆ ಕೆಡಿಸಿಕೊಂಡಿದ್ದಾರೆ. ಓದುವವರೇ ಇಲ್ಲವೆಂಬ ಕೊರಗೂ ಇದೆ. ವರ್ಷದ ಕೊನೆಯ ವಾರ ನಮ್ಮ ಗೆಳೆಯರ ಮನೆಗೆ ಹೋದರೆ ಆ ಕೊರಗು ನೀಗುತ್ತದೆ.

ಸಿನಿಮಾದವರದು ಲೆಟರ್‌ಬಾಕ್ಸ್‌ಡ್. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 2011ರಲ್ಲಿ ಇಬ್ಬರು ಕಟ್ಟಿದ್ದು. ನೋಡಿದ ಚಿತ್ರವನ್ನು ದಿನಚರಿಗೆ ಸೇರಿಸಿ, ಅರ್ಧ ನಕ್ಷತ್ರದಿಂದ ಐದು ನಕ್ಷತ್ರದವರೆಗೆ ಕೊಟ್ಟು, ಎರಡು ಸಾಲು ಬರೆಯಬೇಕು. ಹಿಂದೆ ನಮ್ಮ ಟೂರಿಂಗ್ ಟಾಕೀಸಿನಲ್ಲಿ ವಿಮರ್ಶೆ ಇನ್ನೂ ಸಂಕ್ಷಿಪ್ತವಾಗಿತ್ತು. ಮೆಚ್ಚಿದರೆ ಪರದೆಗೆ ಚಿಲ್ಲರೆ ಕಾಸು ತೂರುತ್ತಿದ್ದರು, ಮೆಚ್ಚದಿದ್ದರೆ ಬೇರೆ ವಸ್ತುಗಳನ್ನು ತೂರುತ್ತಿದ್ದರು. ಅರ್ಧ ನಕ್ಷತ್ರದ ಗೊಂದಲವೇ ಇರಲಿಲ್ಲ.

ಕನ್ನಡದವರಿಗೆ ಹತ್ತಿರದ್ದೆಂದರೆ ಪ್ರತಿಲಿಪಿ. 2014ರಲ್ಲಿ ಶುರುವಾದ, ಬೆಂಗಳೂರಿನ ಕಂಪನಿ. ಭಾರತೀಯ ಭಾಷೆಗಳಲ್ಲಿ ಯಾರು ಬೇಕಾದರೂ ಕತೆ ಬರೆಯಬಹುದು, ಯಾರು ಬೇಕಾದರೂ ಓದಬಹುದು. ಅದರಲ್ಲಿ ಕನ್ನಡವೂ ಇದೆ. ಹಾಸನದಲ್ಲಿರುವ ನಮ್ಮ ಸೋದರತ್ತೆ ಹರೆಯದಲ್ಲಿ ವಾರಪತ್ರಿಕೆಗಳಿಗೆ ಕತೆ ಕಳಿಸುತ್ತಿದ್ದರು. ಕತೆಯ ಜೊತೆಗೆ ಸ್ವವಿಳಾಸದ ಲಕೋಟೆ ಇಡಬೇಕಿತ್ತು. ಲಕೋಟೆ ತಪ್ಪದೆ ವಾಪಸು ಬರುತ್ತಿತ್ತು, ಕತೆಯೂ ಅದರೊಳಗೇ ಇರುತ್ತಿತ್ತು. ಕೊನೆಗೆ ಬರವಣಿಗೆ ಬಿಟ್ಟು ಹಪ್ಪಳ ಸಂಡಿಗೆಗೆ ಇಳಿದರು. ಈಗ ಮೊಮ್ಮಗಳು ಫೋನಿಗೆ ಅಂಥ ಒಂದು ಆಪ್ ಹಾಕಿಕೊಟ್ಟ ಮೇಲೆ ಧಾರಾವಾಹಿ ಆರಂಭಿಸಿದ್ದಾರೆ. ಸಂಪಾದಕರಿಲ್ಲ, ಲಕೋಟೆಯಿಲ್ಲ. ಕಂತು ಹಾಕಿದ ಕೂಡಲೇ ಕಾಸರಗೋಡಿನಿಂದ ಬೀದರಿನವರೆಗಿನ ಹೆಣ್ಣುಮಕ್ಕಳು ಮುಂದಿನದು ಯಾವಾಗ ಎಂದು ಪ್ರಾಣ ಹಿಂಡುತ್ತಾರೆ. ನಾಯಕನನ್ನು ಆಸ್ಪತ್ರೆಯಲ್ಲಿ ಮಲಗಿಸಿ ಇವರು ಮೂರು ದಿನ ಮದುವೆಮನೆಗೆ ಹೋಗಿಬಂದದ್ದಕ್ಕೆ ದೊಡ್ಡ ಗಲಾಟೆಯೇ ಆಯಿತು. "ಇವತ್ತು ಅವನಿಗೆ ಪ್ರಜ್ಞೆ ಬರಿಸ್ದೆ ಇದ್ರೆ ಆ ಹುಡುಗೀರು ನನ್ನ ಬದುಕೋಕೆ ಬಿಡಲ್ಲ ಕಣೋ" ಎಂದು ಅತ್ತೆ ಫೋನಿನಲ್ಲಿ ಹೇಳುತ್ತಿದ್ದಾಗ ಹಿಂದಿನಿಂದ ಮಾವನ ದನಿ ಕೇಳಿಸಿತು: "ಕತೇಲಿರೋ ಗಂಡನಿಗೆ ಮೂರು ಹೊತ್ತೂ ಬಿಸಿಬಿಸಿ ಊಟ, ಪಕ್ಕದಲ್ಲಿ ಕೂತು ಬಡಿಸೋಳು ಬೇರೆ. ನನಗೆ ಬೆಳಗಿನ ಉಪ್ಪಿಟ್ಟು."

ಹಾಡುಗಾರರ ಪಾಡು ಇನ್ನೂ ಸೊಗಸು. ಸ್ಮ್ಯೂಲ್ ಎಂಬ ಕಂಪನಿ 2008ರಲ್ಲಿ ಫೋನನ್ನೇ ಓಕರಿನಾ ಎಂಬ ಊದುವ ವಾದ್ಯ ಮಾಡಿಬಿಟ್ಟಿತು. ಮೈಕಿನ ತೂತಿಗೆ ಉಸಿರು ಊದಿ, ಪರದೆಯ ಮೇಲೆ ಬೆರಳಾಡಿಸಿದರೆ ನಾದ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಊದುತ್ತಿದ್ದಾರೆ ಎಂಬುದು ಭೂಗೋಳದ ಮೇಲೆ ಮಿನುಗುತ್ತಿತ್ತು. ಆಮೇಲೆ ಅದು ಜೋಡಿ ಹಾಡುಗಾರಿಕೆಗೆ ಬಂತು. ನೀವು ಅರ್ಧ ಹಾಡಿಟ್ಟರೆ ಇನ್ನರ್ಧವನ್ನು ಇನ್ನೆಲ್ಲೋ ಇರುವವರು ಹಾಡಿ ಕೂಡಿಸುತ್ತಾರೆ. ನಮ್ಮ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇಂಥದ್ದೊಂದು ಆಪ್‌ನಲ್ಲಿ ಪಿ.ಬಿ. ಶ್ರೀನಿವಾಸ್ ಅವರ ಭಾಗ ಹಾಡುತ್ತಾರೆ. ಎಸ್. ಜಾನಕಿ ಅವರ ಭಾಗ ದುಬೈಯಲ್ಲಿರುವ ಮಂಗಳೂರು ಕಡೆಯ ಒಬ್ಬ ಹೆಂಗಸಿನದು. ಇವರು ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡುವುದರಿಂದ ಜಾನಕಿ ಇವರ ಕಿವಿಯೊಳಗೇ ಉಳಿಯುತ್ತಾರೆ, ಓಣಿಗೆ ಬರುವುದು ಶ್ರೀನಿವಾಸ್ ಮಾತ್ರ. ಎರಡು ಸಾಲು ಹಾಡು, ಆಮೇಲೆ ಮೌನ, ಮತ್ತೆ ಒಂದು ಸಾಲು, ಮತ್ತೆ ಮೌನ, ನಡುವೆ "ಆಹಾ" ಎಂಬ ಉದ್ಗಾರ. ಅವರ ಶ್ರೀಮತಿಯವರು ಕಾಂಪೌಂಡಿನ ಆಚೆಯಿಂದ ನನ್ನ ಹೆಂಡತಿಗೆ ಹೇಳಿದರು: "ಇಷ್ಟು ವರ್ಷ ನಾನು ಮಾತಾಡುವಾಗ ಒಂದು ದಿನ ಬಾಯಿಮುಚ್ಚಿ ಕೇಳಿದೋರಲ್ಲ. ಈಗ ನೋಡಿ, ಆಕೆ ಹಾಡೋ ಹೊತ್ತಿಗೆ ಎಷ್ಟು ಶಿಸ್ತಾಗಿ ಸುಮ್ಮನಿರ್ತಾರೆ!"

ಇಷ್ಟೆಲ್ಲ ಹಾಸ್ಯ ಮಾಡಿದ ನಾನು ಹಕ್ಕಿಯವರ ಮುಂದೆ ಮಾತ್ರ ಸ್ವಲ್ಪ ಮೆತ್ತಗಾಗುತ್ತೇನೆ. ಕುಕ್ಕರಹಳ್ಳಿ ಕೆರೆಯಲ್ಲಿ ಬೆಳಗಿನ ನಡಿಗೆಗೆ ಜೊತೆಯಾಗುವವರು ಪ್ರಾಣಿಶಾಸ್ತ್ರದ ನಿವೃತ್ತ ಮೇಷ್ಟ್ರು. ಅವರ ಫೋನಿನಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದವರ ಮರ್ಲಿನ್ ಇದೆ. ದನಿ ಕೇಳಿಸಿದರೆ ಹಕ್ಕಿಯ ಹೆಸರು ಹೇಳುವ ವಿದ್ಯೆ ಅದಕ್ಕೆ ಬಂದದ್ದು 2021ರಲ್ಲಿ. ಅದರ ಕೆಲಸದ ಬಗೆ ಸ್ವಾರಸ್ಯದ್ದು. ಕೇಳಿದ ದನಿಯನ್ನು ಮೊದಲು ಏರಿಳಿತಗಳ ಒಂದು ಚಿತ್ರವಾಗಿ ಬಿಡಿಸಿಕೊಂಡು, ಆ ಚಿತ್ರವನ್ನು ತನಗೆ ಕಲಿಸಿದ ಸಾವಿರಾರು ಚಿತ್ರಗಳ ಜೊತೆ ತಾಳೆ ನೋಡುತ್ತದೆ. ಅಂದರೆ ಹಾಡನ್ನು ಅದು ಕೇಳುವುದಿಲ್ಲ, ನೋಡುತ್ತದೆ. ಮಡಿವಾಳ, ಕುಟುರ, ಪಿಕಳಾರ, ಸೂರಕ್ಕಿ ಒಂದಾದ ಮೇಲೊಂದು ಪರದೆಯ ಮೇಲೆ ಮೂಡುತ್ತವೆ. "ಹೆಸರು ಬಂದ ಮೇಲೆ ತಲೆಯೆತ್ತಿ ಕೊಂಬೆ ನೋಡ್ಬೇಕು ಕಣ್ರೀ. ಪರದೆ ನೋಡಿ ಮನೆಗೆ ಹೋದ್ರೆ ಫೋನನ್ನ ನೋಡಿದ ಹಾಗಾಯ್ತು" ಎನ್ನುತ್ತಾರೆ ಮೇಷ್ಟ್ರು. ಮಲೆನಾಡಿನ ಕಾಡಿಗೆ ಹೋದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ ಭೀಮರಾಜನಿದ್ದಾನೆ. ಬಾಲಕ್ಕೆ ಎರಡು ಉದ್ದನೆಯ ಗರಿ ಕಟ್ಟಿಕೊಂಡ ಆ ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ನಿಪುಣ. ಅವನೊಬ್ಬನೇ ಕೂತು ಹಾಡಿದರೆ ಅರ್ಧ ಕಾಡಿನ ಹಾಜರಿ ಬಿದ್ದುಬಿಡಬಹುದು.

ಮೇಷ್ಟ್ರು ನೋಡಿದ್ದನ್ನೆಲ್ಲ ಇ-ಬರ್ಡ್‌ಗೆ ಏರಿಸುತ್ತಾರೆ. ಅದೂ ಕಾರ್ನೆಲ್‌ನದೇ, ಅಲ್ಲಿನ ಆಡುಬಾನ್ ಸಂಸ್ಥೆಯ ಜೊತೆ ಸೇರಿ 2002ರಲ್ಲಿ ಆರಂಭಿಸಿದ್ದು. ಬೆಳಿಗ್ಗೆ ಇಷ್ಟು ಗಂಟೆಗೆ, ಇಂಥ ಕೆರೆಯಲ್ಲಿ ಹೆಜ್ಜಾರ್ಲೆ ಇಷ್ಟು, ಬಣ್ಣದ ಕೊಕ್ಕರೆ ಇಷ್ಟು, ಕಾಗೆ ಇಷ್ಟು. ಕಾಗೆಯನ್ನೂ ಎಣಿಸುತ್ತಾರೆ. ನಮ್ಮ ತಾತ ನೋಡಿದ್ದರೆ ಮೇಷ್ಟ್ರ ಕೈಗೂ ಕೊಡಲಿ ಕೊಡುತ್ತಿದ್ದರು. ಆದರೆ ಭಾರತದ ಉದ್ದಗಲಕ್ಕೂ ಹೀಗೆ ಕಾಗೆ ಎಣಿಸಿದ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಮೂರು ಕೋಟಿ ದಾಖಲೆಗಳನ್ನು ಕೂಡಿಸಿ ವಿಜ್ಞಾನಿಗಳು 2023ರಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿ ಹೊರತಂದರು. 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಕಾಳಜಿ ಬೇಕೆಂದು ಗುರುತಿಸಿದರು. ಗುಬ್ಬಚ್ಚಿ ಮಾಯವಾಯಿತೆಂದು ನಾವೆಲ್ಲ ಭಾಷಣ ಮಾಡುತ್ತಿದ್ದಾಗ, ಬೆಂಗಳೂರಿನಂಥ ಮಹಾನಗರಗಳಲ್ಲಿ ಅದು ಕಡಿಮೆಯಾಗಿದೆ, ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು 2020ರ ವರದಿ ತೋರಿಸಿದ್ದೂ ಇಂಥ ಹವ್ಯಾಸಿಗಳ ಎಣಿಕೆಯಿಂದಲೇ. ಸಂಬಳ ಕೊಟ್ಟು ಇಷ್ಟು ಜನರನ್ನು ಬೆಳಗಿನ ಜಾವಕ್ಕೆ ಕೆರೆ ಏರಿಗೆ ಕಳಿಸಲು ಯಾವ ಸರ್ಕಾರದಿಂದಲೂ ಆಗದು. ಸಂಬಳ ಕೊಟ್ಟರೆ ಮೊದಲು ರಜೆ ಕೇಳುತ್ತಾರೆ.

ಹುಳುಗಳ ಕಡೆಯವರಿಗೆ ಐ-ನ್ಯಾಚುರಲಿಸ್ಟ್ ಇದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2008ರಲ್ಲಿ ಸ್ನಾತಕೋತ್ತರ ಪದವಿಯ ಕೊನೆಯ ಯೋಜನೆಯಾಗಿ ಮಾಡಿದ್ದು. ಸಾಮಾನ್ಯವಾಗಿ ಇಂಥ ಯೋಜನೆಗಳ ಆಯುಸ್ಸು ಅಂಕಪಟ್ಟಿ ಬರುವವರೆಗೆ. ಇದು ಮಾತ್ರ ಬೆಳೆದು, 2023ರಲ್ಲಿ ಲಾಭರಹಿತ ಸ್ವತಂತ್ರ ಸಂಸ್ಥೆಯಾಯಿತು. ನಮ್ಮ ಹಿತ್ತಿಲ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆಯೆಂದು ಹೆಂಡತಿ ಒರೆಸಲು ಹೋದಾಗ ಮೇಷ್ಟ್ರು ತಡೆದು ಫೋಟೋ ತೆಗೆದು ಏರಿಸಿದರು. ಅದು ಚಿಟ್ಟೆಯ ಎಳೆಯ ಮರಿಹುಳು, ತಿನ್ನುವವರಿಗೆ ಹೇಸಿಗೆಯಾಗಲೆಂದೇ ಹಿಕ್ಕೆಯ ವೇಷ ಹಾಕಿಕೊಂಡಿರುತ್ತದೆ ಎಂದು ಎಲ್ಲಿಯದೋ ಊರಿನ ಕಾಣದ ಮನುಷ್ಯರು ರಾತ್ರಿಯೊಳಗೆ ಹೇಳಿದರು. ಒಬ್ಬರ ಮಾತು ಸಾಲದು, ಇನ್ನೊಬ್ಬರೂ ಒಪ್ಪಬೇಕು, ಆಗಲೇ ಸಂಶೋಧನೆಗೆ ಯೋಗ್ಯವೆಂಬ ಮುದ್ರೆ. ಅಂದಿನಿಂದ ನಮ್ಮ ಸಾರಿಗೆ ಕರಿಬೇವು ಅಂಗಡಿಯಿಂದ ಬರುತ್ತಿದೆ. ಹಿತ್ತಿಲ ಗಿಡ ಆ ಹುಳುವಿನ ಹೆಸರಿಗಾಗಿದೆ.

ಹಾಗಾದರೆ ಈ ಆಪ್‌ಗಳಿಂದ ಒಳಿತೋ ಕೆಡುಕೋ? ನನಗೆ ಕಂಡ ತೀರ್ಪು ಇಷ್ಟು. ಆಪ್ ಹಕ್ಕಿಯನ್ನು ಎಣಿಸುವವರೆಗೆ ಅದು ನಮ್ಮ ಆಳು. ನಮ್ಮನ್ನು ಎಣಿಸಲು ತೊಡಗಿದ ದಿನ ನಾವು ಅದರ ಆಳು. ಓಡದ ದಿನ ಪಾಪಪ್ರಜ್ಞೆ ಹುಟ್ಟಿಸುವುದು, ಓದದ ವಾರ ಚುಚ್ಚಿ ನೆನಪಿಸುವುದು, ನಿದ್ದೆಗೆ ಅಂಕ ಹಾಕುವುದು ಇವೆಲ್ಲ ಹವ್ಯಾಸಕ್ಕೆ ಕಚೇರಿಯ ಹಾಜರಿ ಪುಸ್ತಕ ತಂದಿಟ್ಟ ಕೆಲಸ. ಕಚೇರಿಯಿಂದ ತಪ್ಪಿಸಿಕೊಳ್ಳಲೆಂದೇ ಮನುಷ್ಯ ಹವ್ಯಾಸ ಹಿಡಿದದ್ದು. ಇನ್ನೊಂದು ಕಡೆ, ಮೈಸೂರಿನ ಒಂದು ಬೀದಿಯಲ್ಲಿ ಹುಳುವಿನ ಹುಚ್ಚು ಹಿಡಿದವನು ಒಬ್ಬನೇ ಇರುತ್ತಾನೆ. ಊರು ಅವನನ್ನು ನೋಡಿ ನಗುತ್ತದೆ. ಅವನಿಗೆ ಜಗತ್ತಿನ ತನ್ನಂಥವರನ್ನು ತೋರಿಸಿ, ನೀನೊಬ್ಬನೇ ಅಲ್ಲ ಮಾರಾಯ ಎಂದು ಹೇಳಿದ ಪುಣ್ಯ ಈ ಆಪ್‌ಗಳದ್ದು. ಅತ್ತೆಗೆ ಓದುಗರು ಸಿಕ್ಕಿದರು, ಮ್ಯಾನೇಜರರಿಗೆ ಜಾನಕಿ ಸಿಕ್ಕಿದರು, ಹೆಂಡತಿಗೆ ಫಿನ್ಲೆಂಡಿನ ಅಜ್ಜಿ ಸಿಕ್ಕಿದರು. ಅದನ್ನು ಅಲ್ಲಗಳೆಯಲಾರೆ.

ದುಡ್ಡಿನ ಮಾತೂ ಒಂದಿದೆ. ಪುಕ್ಕಟೆ ಎಂದು ಕರೆದು ಒಳಗೆ ಬಂದ ಮೇಲೆ ಒಂದೊಂದು ಬಾಗಿಲಿಗೂ ಕಾಸು ಕೇಳುವ ಆಪ್‌ಗಳೇ ಹೆಚ್ಚು. ಆದರೆ ಚದುರಂಗದವರ ಲಿಚೆಸ್ ನೋಡಿ. ಫ್ರಾನ್ಸಿನ ತಿಬೋ ಡುಪ್ಲೆಸಿ 2010ರಲ್ಲಿ ಆರಂಭಿಸಿದ್ದು. ಜಾಹೀರಾತಿಲ್ಲ, ಶುಲ್ಕವಿಲ್ಲ, ಯಾವ ಸೌಲಭ್ಯವೂ ದುಡ್ಡು ಕೊಟ್ಟವರಿಗೆಂದು ಮೀಸಲಿಲ್ಲ. ದೇಣಿಗೆಯಿಂದ ನಡೆಯುತ್ತದೆ. ದೇಣಿಗೆ ಕೊಟ್ಟವರಿಗೆ ಹೆಸರಿನ ಪಕ್ಕ ಪುಟ್ಟ ರೆಕ್ಕೆಯ ಗುರುತು, ಅಷ್ಟೇ. ಇಂಥವು ಉಳಿಯಬೇಕಾದರೆ ಬಳಸುವವರು ಕೈ ಬಿಚ್ಚಬೇಕು. ನಿಮ್ಮ ಹುಚ್ಚಿಗೆ ಹೊಂದುವ ಇಂಥದ್ದೊಂದು ಆಪ್ ಸಿಕ್ಕಿದರೆ, ಮಾಲ್‌ನಲ್ಲಿ ಒಂದು ಲೋಟ ಕಾಫಿಗೆ ಸುರಿಯುವಷ್ಟು ದುಡ್ಡನ್ನು ವರ್ಷಕ್ಕೊಮ್ಮೆ ಅದಕ್ಕೂ ಹಾಕಿ.

ಹುಚ್ಚೇ ಇಲ್ಲದ ಓದುಗರಿಗೂ ಒಂದು ಮಾತು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತವೂ 2013ರಿಂದ ಅದರಲ್ಲಿದೆ. ಹದಿನೈದು ನಿಮಿಷ ಒಂದು ಕಡೆ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ಇ-ಬರ್ಡ್‌ಗೆ ಏರಿಸಿದರೆ ಸಾಕು. ದುರ್ಬೀನು ಬೇಡ, ಕಾಡಿಗೆ ಹೋಗುವುದು ಬೇಡ, ಟೆರೇಸು ಸಾಕು. ಈ ಬಾರಿ ನೀವೂ ಎಣಿಸಿ, ಕಾಗೆಯನ್ನು ಬಿಡಬೇಡಿ. ಅಂಕ ಯಾರೂ ಕೊಡುವುದಿಲ್ಲ.